ಇಂಗ್ಲಿಷ್ ಬರಲಿ ಅಂತ ಮಗಳ ಕನ್ನಡ ಕಥೆಪುಸ್ತಕ ನಿಲ್ಲಿಸಬೇಕಾ?

ಮೂರನೇ ಕ್ಲಾಸಿನ ಮಗಳು ಕನ್ನಡ ಕಥೆ ಮಾತ್ರ ಓದುತ್ತಾಳೆ, ಇಂಗ್ಲಿಷ್ ಪುಸ್ತಕ ಮುಟ್ಟುವುದಿಲ್ಲ, ಕನ್ನಡ ನಿಲ್ಲಿಸಿದರೆ ಆ ಕಡೆ ಆಸೆ ಹುಟ್ಟಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ.

ನನ್ನ ಮಗ ಊರಲ್ಲಿ ಕನ್ನಡ ಮೀಡಿಯಂನಲ್ಲಿದ್ದ. ಬೆಂಗಳೂರಿಗೆ ಬಂದ ಮೇಲೆ ಇಂಗ್ಲಿಷ್ ಮೀಡಿಯಂಗೆ ಸೇರಿಸಿದೆವು. ಮನೇಲಿ ಇಂಗ್ಲಿಷ್ ಓದಿಸಿ ಅಂತ ಟೀಚರ್ ಹೇಳಿದ್ದೇ ತಡ, ಅವನ ಕನ್ನಡ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ದಿನಾ ರಾತ್ರಿ ಊಟ ಆದ ಮೇಲೆ ಇಂಗ್ಲಿಷ್ ಕಥೆಯನ್ನು ಗಟ್ಟಿಯಾಗಿ ಓದಿಸುತ್ತಿದ್ದೆ.

ಓದಿಸಿದ್ದು ತಪ್ಪಲ್ಲ. ಪ್ರತಿ ಪದಕ್ಕೂ ತಡೆದದ್ದು ತಪ್ಪು. ಕನ್ನಡದಲ್ಲಿ ಓದಲು ಕಲಿತ ಮಗು ಬರೆದದ್ದನ್ನು ಬರೆದ ಹಾಗೇ ಓದುತ್ತದೆ. ಇಂಗ್ಲಿಷಿನಲ್ಲಿ ಹಾಗಾಗುವುದಿಲ್ಲ ಅಲ್ವಾ? ಅವನು 'ನೈಫ್' ಅನ್ನು 'ಕ್ನೈಫ್' ಅಂದ. ಕೆ ಇದೆ, ಓದಿದ. ನಾನು ಅಲ್ಲೇ ತಡೆದು ತಿದ್ದಿದೆ. ಮೂರು ಸಲ ಹೇಳಿಸಿದೆ. ಅರ್ಥ ಕೇಳಿದೆ. ನೋಟ್‌ಬುಕ್ಕಿನಲ್ಲಿ ಬರೆಸಿದೆ. ಅಷ್ಟು ಹೊತ್ತಿಗೆ ಕಥೆಯಲ್ಲಿ ಯಾರು ಎಲ್ಲಿಗೆ ಹೊರಟಿದ್ದರು ಅನ್ನುವುದು ಅವನಿಗೂ ಮರೆತಿತ್ತು, ನನಗೂ ಮರೆತಿತ್ತು. ದಿನ ಕಳೆದ ಹಾಗೆ ಇನ್ನೊಂದು ಶುರುವಾಯಿತು. ಪ್ರತಿ ಪದ ಹೇಳಿ ಒಮ್ಮೆ ನನ್ನ ಮುಖ ನೋಡುತ್ತಿದ್ದ. ಬೆರಳು ಪುಟದ ಮೇಲೆ, ಕಣ್ಣು ನನ್ನ ಮೇಲೆ. ಕಥೆ ಓದುವ ಹುಡುಗ ಹೀಗೆ ಮಾಡುವುದಿಲ್ಲ. ಅವನು ಪರೀಕ್ಷೆ ಬರೆಯುತ್ತಿದ್ದ. ಕೊನೆಗೆ ಊಟ ಮುಗಿಯುತ್ತಿದ್ದ ಹಾಗೇ ಹೊಟ್ಟೆನೋವು ಅನ್ನತೊಡಗಿದ. ಕನ್ನಡ ಪುಸ್ತಕವೂ ಕೈಯಲ್ಲಿರಲಿಲ್ಲ. ಹೀಗೆ ನಮ್ಮ ಮನೆಯಲ್ಲಿ ಓದು ಅನ್ನುವುದೇ ನಿಂತುಹೋಯಿತು.

ಊರಿಂದ ನನ್ನ ಅಮ್ಮ ಬಂದವರು ಆ ಗಂಟು ಕೆಳಗಿಳಿಸಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಮೊಮ್ಮಗ ಕನ್ನಡದಲ್ಲಿ ಓದಿದರೆ ಕೇಳುತ್ತಿದ್ದರು. ಇಂಗ್ಲಿಷಿನದು ತಂದರೆ, "ನೀನೇ ಓದ್ಕೊಂಡು ಹೇಳಪ್ಪ" ಅನ್ನುತ್ತಿದ್ದರು. ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಆಮೇಲೆ ಏನಾಯ್ತೋ?" ಅದಕ್ಕೆ ಉತ್ತರ ಬೇಕಲ್ಲ, ಅವನು ಮುಂದಿನ ಪುಟ ತಿರುವುತ್ತಿದ್ದ. ಗೊತ್ತಿಲ್ಲದ ಪದ ಬಂದರೆ ಚಿತ್ರ ನೋಡಿ ಊಹಿಸುತ್ತಿದ್ದ, ಇಲ್ಲವಾದರೆ ಹಾರಿಸುತ್ತಿದ್ದ. ಹಾರಿಸಲಿ ಬಿಡಿ. ನಾವು ದೊಡ್ಡವರೂ ಹಾಗೇ ಓದುತ್ತೇವೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಮಗಳಿಗೆ ಓದುವ ಪ್ರೀತಿ ಆಗಲೇ ಇದೆ. ಕನ್ನಡ ಕಥೆ ಓದುವ ಹುಡುಗಿಗೆ ಇನ್ನೇನು ಕಲಿಸಬೇಕು ನೀವು? ಅದು ಇಂಗ್ಲಿಷಿಗೆ ಅಡ್ಡಿ ಅಂತ ಯಾರೇ ಹೇಳಲಿ, ಕೇಳಬೇಡಿ.

ಮಕ್ಕಳ ಪುಸ್ತಕ ಪ್ರಕಟಿಸುವ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟನ್ನು ಮೊಬೈಲಿನಲ್ಲಿ ತೆರೆಯಿರಿ. ಪೂರ್ತಿ ಉಚಿತ. ಎಷ್ಟೋ ಕಥೆಗಳು ಕನ್ನಡದಲ್ಲೂ ಇವೆ, ಇಂಗ್ಲಿಷಿನಲ್ಲೂ ಇವೆ. ಇವತ್ತು ಕನ್ನಡದ್ದು ಓದಲಿ, ನಾಳೆ ಅದೇ ಕಥೆ ಇಂಗ್ಲಿಷಿನಲ್ಲಿ. ಕಥೆ ಮೊದಲೇ ಗೊತ್ತಿರುವುದರಿಂದ ಪದಗಳು ತಾವಾಗಿಯೇ ಹತ್ತಿರ ಬರುತ್ತವೆ. ಇದು ಕಾಪಿ ಹೊಡೆದ ಹಾಗೆ ಅಂತ ನಮ್ಮ ಮನೆಯಲ್ಲೇ ವಾದ ಆಗಿತ್ತು. ನಾನು ಬಗ್ಗಲಿಲ್ಲ. ಅಲ್ಲಿ ನಾಲ್ಕು ಹಂತಗಳಿವೆ. ಮೂರನೇ ಕ್ಲಾಸು ಅಂತ ಮೂರನೇ ಹಂತಕ್ಕೆ ಹೋಗಬೇಡಿ. ಮೊದಲ ಹಂತದ ಕಥೆಗಳಲ್ಲಿ 250 ಪದಗಳೂ ಇರುವುದಿಲ್ಲ, ಅಲ್ಲಿಂದ ಶುರುಮಾಡಿ. ಒಂದು ಪುಸ್ತಕ ಮುಗಿಸಿದೆ ಅನ್ನುವ ಖುಷಿ ಮೊದಲ ದಿನವೇ ಸಿಗಬೇಕು.

ಹಳ್ಳಿಯಲ್ಲಿದ್ದೇವೆ, ಪುಸ್ತಕ ಸಿಗಲ್ಲ ಅಂದಿದ್ದೀರಿ. ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗಿ ಕೇಳಿ. ರಾಜ್ಯ ಸರ್ಕಾರದ 2020ರ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪುಸ್ತಕ ಅವಳೇ ಆರಿಸಲಿ. ತೀರಾ ಚಿಕ್ಕ ಮಕ್ಕಳದ್ದು ತಂದರೂ ಸುಮ್ನೆ ಇರಿ.

ಸ್ಪೆಲಿಂಗ್, ಡಿಕ್ಟೇಶನ್ ಎಲ್ಲ ಹೋಮ್‌ವರ್ಕಿನ ಹೊತ್ತಿಗೆ ಇರಲಿ. ಮತ್ತೆ, ನಿಮ್ಮ ಉಚ್ಚಾರ ಸರಿಯಿಲ್ಲ ಅಂತ ಹಿಂಜರಿಯಬೇಡಿ. ಸ್ಟೋರಿವೀವರಿನಲ್ಲಿ ಕೆಲವು ಕಥೆಗಳನ್ನು ಓದಿ ಹೇಳುವ ಆಡಿಯೋ ಕೂಡ ಇದೆ. ಅದನ್ನು ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತು ನೀವೂ ಕೇಳಿ.