ಗರ್ಭಪಾತಕ್ಕೆ ಗಂಡನ ಸಹಿ ಬೇಕೇ ಬೇಕಾ?

ಕಾನೂನಿನ ಪ್ರಕಾರ ಬೇಡ. ಹೆಂಗಸಿಗೆ 18 ತುಂಬಿದ್ದರೆ ಅವಳೊಬ್ಬಳ ಒಪ್ಪಿಗೆ ಸಾಕು, ಚಿಕ್ಕವಳಾದರೆ ಪೋಷಕರದ್ದು ಬೇಕು. ಆದರೆ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಗೆ ಅಕ್ಕನ ಜೊತೆ ಹೋದಾಗ ಮೊದಲು ಕೇಳಿದ್ದೇ "ಯಜಮಾನ್ರು ಬಂದಿಲ್ವಾ?" ಅಂತ. ಅದು ರೂಢಿ ಅಷ್ಟೇ.

ಹಾಗಂತ ಕೇಳಿದ ತಕ್ಷಣ ಸಿಗುವ ಹಕ್ಕು ಇದು ಅಂದುಕೊಳ್ಳಬೇಡಿ. 1971ರ ಕಾಯ್ದೆ ತೀರ್ಮಾನವನ್ನು ಡಾಕ್ಟರ ಕೈಗೇ ಕೊಟ್ಟಿದೆ: 2021ರ ತಿದ್ದುಪಡಿ ಆದಮೇಲೆ 20 ವಾರದವರೆಗೆ ಒಬ್ಬರು ಒಪ್ಪಿದರೆ ಸಾಕು, ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಗಂಡನನ್ನು ಕಳೆದುಕೊಂಡವರು ಇಂಥ ಕೆಲವರಿಗೆ 24 ವಾರದವರೆಗೂ ಅವಕಾಶ ಇದೆ, ಆದರೆ ಇಬ್ಬರು ಡಾಕ್ಟರು ಒಪ್ಪಬೇಕು. ಮದುವೆಯಾಗದವರನ್ನು ಇದರಿಂದ ಹೊರಗಿಡುವ ಹಾಗಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ಪಾಪ-ಪುಣ್ಯದ ಮಾತು. ನಮ್ಮಜ್ಜಿ "ಬಸುರು ತೆಗೆಸೋದು ಪಾಪ" ಅನ್ನುತ್ತಿದ್ದರು. ಹೊಟ್ಟೆಯಲ್ಲಿರೋದು ಹೆಣ್ಣು ಅಂತ ಗೊತ್ತಾದರೆ ಮಾತ್ರ ಆ ಪಾಪ ಮರೆಯುವ ಮನೆಗಳೂ ಅದೇ ಓಣಿಯಲ್ಲಿದ್ದವು! ಲಿಂಗ ಪತ್ತೆ 1994ರ ಕಾಯ್ದೆಯಲ್ಲಿ ಅಪರಾಧ, ಅದನ್ನೂ ಇದನ್ನೂ ಬೆರೆಸಬೇಡಿ. ಭ್ರೂಣಕ್ಕೆ ಬೆಲೆ ಇಲ್ಲ ಅಂತ ನಾನು ಹೇಳಲ್ಲ, ಆದರೆ ಹೊರುವವಳ ಮಾತಿಗೆ ಜಾಸ್ತಿ ತೂಕ ಇರಬೇಕು ಅಲ್ವಾ? ಮತ್ತೆ, ಹೆದರಿಕೊಂಡು ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಂದು ಸುಮ್ನೆ ನುಂಗಬೇಡಿ.