ಅರಳು ಹುರಿದಂತೆ ಮಾತಾಡುವ ಮಗಳಿಗೆ ಲೆಕ್ಕ ಯಾಕೆ ಬರಲ್ಲ?

ಪ್ರಶ್ನೆ: ಮಗಳಿಗೆ 9 ವರ್ಷ. ಹುಟ್ಟಿದ ಕೆಲವೇ ವಾರಕ್ಕೆ ಹೈಡ್ರೋಸೆಫಾಲಸ್ (ಮಿದುಳಿನೊಳಗೆ ನೀರು ತುಂಬಿಕೊಳ್ಳುವುದು) ಅಂತ ಗೊತ್ತಾಗಿ ಶಂಟ್, ಅಂದರೆ ಆ ನೀರನ್ನು ಬೇರೆ ಕಡೆ ಹರಿಸುವ ಕೊಳವೆ, ಹಾಕಿಸಿದೆವು. ಮಾತು ಅರಳು ಹುರಿದಂತೆ, ಪಾಠವನ್ನೂ ಗಡಗಡ ಓದುತ್ತಾಳೆ. ಆದರೆ ಲೆಕ್ಕ ಬರಲ್ಲ, ಬರೆಯೋದು ಮುಗಿಯಲ್ಲ, ಮೂರು ಕೆಲಸ ಹೇಳಿದರೆ ಒಂದು ಮಾಡಿ ಬರುತ್ತಾಳೆ. ಟೀಚರ್ ಸೋಮಾರಿ ಅನ್ನುತ್ತಾರೆ. ನಾನೂ ತುಂಬ ಬೈದಿದ್ದೇನೆ. ಇದು ಸೋಮಾರಿತನವಾ?

ಉತ್ತರ: ಖಂಡಿತ ಅಲ್ಲ. ನೀವು ಬರೆದಿರುವುದು ಈ ಮಕ್ಕಳಲ್ಲಿ ತುಂಬ ಸಲ ಕಾಣುವ ಚಿತ್ರ. ಬೈದದ್ದಕ್ಕೆ ಕೊರಗಬೇಡಿ, ಇದನ್ನು ನಿಮಗೆ ಯಾರಾದರೂ ಮೊದಲೇ ಹೇಳಬೇಕಿತ್ತು.

ಮಿದುಳಿನೊಳಗೆ ನಾಲ್ಕು ಪುಟ್ಟ ಕೋಣೆಗಳಿವೆ. ಅಲ್ಲಿ ನೀರಿನಂಥ ದ್ರವ ತಯಾರಾಗಿ, ಮಿದುಳಿನ ಸುತ್ತ ಹರಿದು, ಕೊನೆಗೆ ರಕ್ತಕ್ಕೆ ಸೇರುತ್ತದೆ. ದೊಡ್ಡವರಲ್ಲಿ ಇದು ದಿನಕ್ಕೆ ಸುಮಾರು ಅರ್ಧ ಲೀಟರ್. ಹರಿವು ಕಟ್ಟಿಕೊಂಡರೆ ಕೋಣೆಗಳು ಉಬ್ಬುತ್ತವೆ, ಉಬ್ಬಿದಾಗ ಪಕ್ಕದ ನರದ ಎಳೆಗಳು ಜಗ್ಗಿ ತೆಳುವಾಗುತ್ತವೆ. ಮಿದುಳಿನ ಒಂದು ಭಾಗದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಎಳೆಗಳು ಅವು. ಶಂಟ್ ಒತ್ತಡ ಇಳಿಸುತ್ತದೆ, ಆದರೆ ಅಷ್ಟರಲ್ಲಿ ಬಿದ್ದ ಪೆಟ್ಟನ್ನು ಪೂರ್ತಿ ಅಳಿಸಲ್ಲ. ಹಾಗಾಗಿ ಪದಗಳು ಚೆನ್ನಾಗಿ ಬರುತ್ತವೆ. ಹಲವು ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಳ್ಳುವುದು, ಜಾಗ ಅಂದಾಜು ಮಾಡುವುದು, ಬೇಗ ಬೇಗ ಬರೆಯುವುದು ಕಷ್ಟ. ಎಲ್ಲ ಮಕ್ಕಳಿಗೂ ಒಂದೇ ಥರ ಇರಲ್ಲ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗ 842ರಲ್ಲಿ 78 ಕಳೆದು 62 ಅಂತ ಬರೆದಿದ್ದ. ನೋಡಿದರೆ 8 ಅನ್ನು 2ರ ಕೆಳಗೆ ಬರೆಯುವ ಬದಲು 4ರ ಕೆಳಗೆ ಬರೆದಿದ್ದಾನೆ, 7 ಜಾರಿ 8ರ ಕೆಳಗೆ ಹೋಗಿದೆ. ದಶಕ ತೆಗೆದುಕೊಂಡದ್ದು, ಕಳೆದದ್ದು ಎಲ್ಲ ಸರಿ! ಒಂದು ಚೌಕಕ್ಕೆ ಒಂದೇ ಅಂಕಿ ಬರೆಯುವ ಚೌಕುಳಿ ಹಾಳೆ ಕೊಟ್ಟೆ, 764 ಬಂತು. ಅಷ್ಟು ದಿನ ಅವನ ಪುಸ್ತಕದ ತುಂಬ ಕೆಂಪು ಗೀಟುಗಳೇ ಇದ್ದವು, ನೋಡಿ ಹೊಟ್ಟೆ ಚುರ್ ಅಂದಿತ್ತು.

ಓದಿನಲ್ಲೂ ಇದನ್ನು ಗಮನಿಸಿ. "ಅವನು ಕಿಟಕಿಯಾಚೆ ನೋಡಿ ಕೊಡೆ ಎತ್ತಿಕೊಂಡ" ಅಂತ ಸಲೀಸಾಗಿ ಓದುತ್ತಾಳೆ. ಹೊರಗೆ ಏನಾಗುತ್ತಿತ್ತು ಅಂತ ಕೇಳಿದರೆ ಸುಮ್ಮನಾಗಬಹುದು. ಮಳೆ ಅನ್ನುವ ಪದ ಅಲ್ಲಿಲ್ಲ, ಅಲ್ವಾ? ಮಾತು ಚೆನ್ನಾಗಿರುವುದರಿಂದಲೇ ಈ ಕಷ್ಟ ಯಾರ ಕಣ್ಣಿಗೂ ಬೀಳಲ್ಲ.

ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಬೆಳಗಿನ ಕೆಲಸಗಳ ಪಟ್ಟಿ ಬರೆದು ಅವಳ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ಬೋರ್ಡ್ ನೋಡಿ ಬರೆಯುವುದನ್ನು ಕಡಿಮೆ ಮಾಡಿಸಿ, ಪರೀಕ್ಷೆಗೆ ಜಾಸ್ತಿ ಸಮಯ ಕೇಳಿ, ಕೆಲವು ಉತ್ತರ ಬಾಯಲ್ಲಿ ಹೇಳಿದರೂ ಆದೀತು. ಕಲಿಕೆಯ ಸಮಸ್ಯೆ ತಿಳಿದ ಮನಶ್ಶಾಸ್ತ್ರಜ್ಞರಿಂದ ಪೂರ್ತಿ ಪರೀಕ್ಷೆ ಮಾಡಿಸಿ, ವರದಿಯನ್ನು ಟೀಚರ್‌ಗೆ ತೋರಿಸಿ. ಒಟ್ಟು ಐಕ್ಯೂ ಅಂಕಿ ಒಂದನ್ನೇ ನೋಡಬೇಡಿ. ಮಾತಿನ ಅಂಕ ಮೇಲಿದ್ದು ಉಳಿದದ್ದು ಕೆಳಗಿದ್ದರೆ ಸರಾಸರಿಯಲ್ಲಿ ಎರಡೂ ಮುಚ್ಚಿಹೋಗುತ್ತವೆ.

ಪ್ರಶ್ನೆ: ನನ್ನ ಮಗನಿಗೂ ಶಂಟ್ ಇದೆ. ಚೆನ್ನಾಗೇ ಓದುತ್ತಿದ್ದ. ಒಂದು ತಿಂಗಳಿಂದ ಮಂಕಾಗಿದ್ದಾನೆ, ಮಾರ್ಕ್ಸ್ ಕೂಡ ಇಳಿದಿದೆ. ಟ್ಯೂಷನ್‌ಗೆ ಹಾಕೋಣವೇ?

ಉತ್ತರ: ಟ್ಯೂಷನ್ ಆಮೇಲೆ, ಮೊದಲು ನರಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ, ಇವತ್ತೇ. ಮೇಲಿನ ಪ್ರಶ್ನೆಯ ಹುಡುಗಿಯದು ಮೊದಲಿಂದ ಇರುವ ಕಷ್ಟ, ನಿಮ್ಮ ಮಗನದು ಹೊಸ ಬದಲಾವಣೆ. ಶಂಟ್ ಕಟ್ಟಿಕೊಂಡಾಗ ಕೆಲವು ಮಕ್ಕಳಲ್ಲಿ ಮೊದಲು ಕಾಣುವುದು ಇದೇ: ಓದಿನಲ್ಲಿ ಹಿಂದೆ ಬೀಳುವುದು, ಸಿಡಿಮಿಡಿ, ಮಂಕು. ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಸುಮಾರು ಅರ್ಧದಷ್ಟು ಮೊದಲ 2 ವರ್ಷದೊಳಗೇ ಕೆಡುತ್ತವೆ, ವರ್ಷಗಟ್ಟಲೆ ಸರಿಯಾಗಿದ್ದದ್ದೂ ಕೆಡಬಹುದು. ಬೆಳಗ್ಗೆ ಎದ್ದಾಗ ತಲೆನೋವು ಇದೆಯಾ ಕೇಳಿ. ವಾಂತಿ ಶುರುವಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ರಾತ್ರಿ ಎಷ್ಟು ಹೊತ್ತಾಗಿದ್ದರೂ ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಶಂಟ್ ಇದೆ ಅನ್ನುವುದನ್ನು ಹೋದ ತಕ್ಷಣ ಹೇಳಿ, ಹಳೆಯ ಸ್ಕ್ಯಾನ್ ಜೊತೆಗಿರಲಿ.