ಸೈನಿಕರನ್ನು ದಡಕ್ಕೆ ಬಿಟ್ಟವರೂ ಯುದ್ಧ ಕಂಡವರೇ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕ ನೌಕಾಪಡೆಯ ಸಾಗಣೆ ಹಡಗುಗಳಲ್ಲಿ ದುಡಿದವರ ನೆನಪುಗಳನ್ನು ಓದುತ್ತಿದ್ದೇನೆ. ಗುಂಡಿನ ಕಾಳಗಕ್ಕಿಂತ ದೋಣಿ, ಹಗ್ಗ, ಊಟದ ಸರದಿಯ ಮಾತೇ ಹೆಚ್ಚು. ಇವರು ನಿಜಕ್ಕೂ ಯುದ್ಧ ಕಂಡವರೇ, ಇಲ್ಲ ಸೈನಿಕರನ್ನು ದಡಕ್ಕೆ ಬಿಟ್ಟು ಬಂದವರಷ್ಟೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ 'ಅಷ್ಟೆ'ಗೆ ನನ್ನ ತಕರಾರಿದೆ. ಬಂದರೇ ಇಲ್ಲದ, ಶತ್ರು ಕಾದು ಕುಳಿತ ದಡಕ್ಕೆ ಜನರನ್ನು ಬಿಡುವುದೇ ಅಲ್ಲಿ ಯುದ್ಧ. ಅದಕ್ಕಾಗಿ ಈ ಹಡಗುಗಳು ದೋಣಿಗಳನ್ನೂ ಹೊತ್ತೊಯ್ಯುತ್ತಿದ್ದವು. ಇಂಥ ಹಡಗುಗಳ ಒಂದು ಮಾದರಿಯಾದ ಹ್ಯಾಸ್ಕೆಲ್ ವರ್ಗದ ಹಡಗಿನ ಉದ್ದ 455 ಅಡಿ. ನಾವಿಕರು ಸುಮಾರು 500, ಸೈನಿಕರು ಸುಮಾರು 1,500. ಸರಕು ತುಂಬುವ ಕ್ರಮವೂ ತಲೆಕೆಳಗು: ದಡದಲ್ಲಿ ಮೊದಲು ಬೇಕಾದದ್ದು ಕೊನೆಗೆ ಒಳಗೆ ಹೋಗಬೇಕು. ಜಾಗ ಪೋಲಾದರೂ ಸರಿ, ಮದ್ದುಗುಂಡು ತಳದಲ್ಲಿ ಸಿಕ್ಕಿಕೊಳ್ಳಬಾರದು.

ಹಗ್ಗದ ಮಾತು ಏಕೆ ಅಷ್ಟು ಬರುತ್ತದೆ ಎನ್ನುವಿರಾ? ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಬಲೆ ಹಿಡಿದು ಸೈನಿಕರು ದೋಣಿಗೆ ಇಳಿಯಬೇಕಿತ್ತು. ಹಿಡಿಯಬೇಕಾದದ್ದು ಮೇಲಿನಿಂದ ಕೆಳಕ್ಕೆ ಇಳಿಯುವ ಹಗ್ಗವನ್ನೇ. ಅಡ್ಡ ಹಗ್ಗ ಹಿಡಿದರೆ ಮೇಲಿನವನ ಬೂಟು ಬೆರಳಿನ ಮೇಲೆ ಬೀಳುತ್ತದೆ. ಕೆಳಗೆ ದೋಣಿ ಅಲೆಯೊಡನೆ ಏರುತ್ತದೆ, ಕುಸಿಯುತ್ತದೆ. ಅದು ಮೇಲೆದ್ದ ಕ್ಷಣಕ್ಕೆ ಕಾಲಿಡದಿದ್ದರೆ ಹಡಗಿಗೂ ದೋಣಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಗುವ ಅಪಾಯ. ಬೆನ್ನ ಮೇಲಿನ ಹೊರೆಯೊಡನೆ ನೀರಿಗೆ ಬಿದ್ದವನ ಕಥೆ ಹೇಳಬೇಕಾಗಿಲ್ಲ.

ಆಮೇಲಿನದು ದೋಣಿಯವರ ಪಾಲು. 36 ಅಡಿಯ ಪ್ಲೈವುಡ್ ದೋಣಿ, ಒಳಗೆ 36 ಮಂದಿ, ಚುಕ್ಕಾಣಿಯಲ್ಲಿ ಬಹುಮಟ್ಟಿಗೆ ಹರೆಯದ ಹುಡುಗ. ಅಪ್ಪಣೆ ಬರುವವರೆಗೆ ಸುತ್ತು ಹಾಕುತ್ತಿರಬೇಕು, ಒಳಗಿದ್ದವರಿಗೆ ವಾಂತಿ. ದಡ ಮುಟ್ಟಿ, ಮುಂದಿನ ಬಾಗಿಲು ಕೆಳಗಿಳಿಸಿ, ಅಡ್ಡ ತಿರುಗದಂತೆ ಹಿಂದಕ್ಕೆ ಬರಬೇಕು. 1945ರ ಫೆಬ್ರವರಿ 19ರಂದು ಜಪಾನಿನ ಇವೊ ಜಿಮಾ ದ್ವೀಪದ ಕಡಿದಾದ ಕಪ್ಪು ಮರಳಿನಲ್ಲಿ ಅನೇಕ ದೋಣಿಗಳು ಅಲೆಗೆ ಅಡ್ಡಬಿದ್ದು ಅಲ್ಲೇ ಉಳಿದವು. ಹಿಂದಿರುಗಿದ ದೋಣಿಗಳು ಗಾಯಾಳುಗಳನ್ನು ತಂದವು. ಬೆಳಿಗ್ಗೆ ಕಾಫಿ ಬಗ್ಗಿಸಿ ಕೊಟ್ಟವನನ್ನೇ ಸಂಜೆ ಸ್ಟ್ರೆಚರಿನಲ್ಲಿ ಎತ್ತಿಕೊಳ್ಳಬೇಕಾದ ಕೆಲಸ ಅದು.

ಹಡಗೂ ಸುರಕ್ಷಿತವಾಗಿರಲಿಲ್ಲ. 1945ರ ಏಪ್ರಿಲ್ 2ರಂದು ಜಪಾನಿನ ಓಕಿನಾವಾ ದ್ವೀಪದ ಬಳಿ 'ಹೆನ್ರಿಕೊ' ಎಂಬ ಇಂಥದೇ ಸಾಗಣೆ ಹಡಗಿಗೆ ಜಪಾನಿನ ಆತ್ಮಾಹುತಿ ವಿಮಾನ ಅಪ್ಪಳಿಸಿತು. ಕ್ಯಾಪ್ಟನ್ ಸೇರಿ 49 ಮಂದಿ ಸತ್ತರು.

ಇನ್ನು ನೆನಪುಗಳನ್ನು ನಂಬುವ ಬಗೆ. ತಾರೀಖು, ಹೊಡೆದುರುಳಿಸಿದ ವಿಮಾನಗಳ ಲೆಕ್ಕ ಬಂದಾಗ ಹಡಗಿನ ದಿನಚರಿ ಪುಸ್ತಕದೊಂದಿಗೆ ತಾಳೆ ನೋಡಿ. ಐವತ್ತು ವರ್ಷಗಳ ನಂತರ ಹೇಳುವವರಿಗೆ ಅವು ಜಾರುತ್ತವೆ. ಆದರೆ ಉಪ್ಪುನೀರಿನ ಸ್ನಾನದಲ್ಲಿ ಸೋಪು ನೊರೆ ಬಾರದ್ದು, ಒಂದರ ಮೇಲೊಂದು ನಾಲ್ಕೈದು ಹಾಸಿಗೆ ಕಟ್ಟಿದ್ದು, ಇಂಥವನ್ನು ನಾನು ಸುಲಭವಾಗಿ ತಳ್ಳಿಹಾಕುವುದಿಲ್ಲ. ಸಾಧ್ಯವಾದರೆ ಒಂದೇ ಹಡಗಿನ ದೋಣಿಯವನನ್ನೂ ಎಂಜಿನ್ ಕೋಣೆಯವನನ್ನೂ ಜೊತೆಗಿಟ್ಟು ಓದಿ. ಎರಡನೆಯವನು ದಡವನ್ನೇ ಕಂಡಿರುವುದಿಲ್ಲ. ಮೇಲಿನ ಫಿರಂಗಿ ಯಾವುದು ಸಿಡಿಯಿತು ಎಂಬುದನ್ನು ಸದ್ದಿನಿಂದಲೇ ಅಂದಾಜು ಮಾಡುತ್ತಿದ್ದವನು ಅವನು.